ಅಘನಾಶಿನಿ ಅಳಿವೆಯಲ್ಲಿ ಎರಡು ದಿನ: ಗಜನಿ, ಕಾಂಡ್ಲಾ, ಬಳಚು ನೋಡಲು ಹೊರಡುವವರಿಗೆ

ಗೋಕರ್ಣಕ್ಕೆ ಬರುವವರಲ್ಲಿ ಹೆಚ್ಚಿನವರು ಸಮುದ್ರ ನೋಡಿ ವಾಪಸಾಗುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ಸರಿದರೆ ಅಘನಾಶಿನಿ ನದಿ ಕಡಲು ಸೇರುವ ಅಳಿವೆ ಇದೆ. ಕುಮಟಾ ತಾಲೂಕಿನ ತದಡಿ, ಅಘನಾಶಿನಿ, ಕಾಗಾಲ, ಮಾಣಿಕಟ್ಟಾ, ಹೆಗಡೆ, ಐಗಳಕುರ್ವೆ, ಮಿರ್ಜಾನ್ ಹೀಗೆ ಊರೂರಿನ ಅಂಚಿಗೆ ಕೆಸರುಬಯಲು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಟ್ಟೆ ಹಾಕಿದ ಗಜನಿ ಗದ್ದೆಗಳು ಹಬ್ಬಿವೆ. ಶಿರಸಿಯಲ್ಲಿ ಹುಟ್ಟುವ ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಘಟ್ಟದ ಸಿಹಿನೀರು, ಹೂಳು ಎರಡೂ ತಡೆಯಿಲ್ಲದೆ ಕೆಳಗಿಳಿದು ಬರುವುದರಿಂದಲೇ ಇಲ್ಲಿ ಮೀನು, ಏಡಿ, ಬಳಚಿನಂಥ ಚಿಪ್ಪಿ ಇಷ್ಟು ಸಮೃದ್ಧ. 2024ರ ಆರಂಭದಲ್ಲಿ ಈ ಅಳಿವೆಗೆ ರಾಮ್‌ಸರ್ ತಾಣದ, ಅಂದರೆ ಜಾಗತಿಕ ಮಹತ್ವದ ಜೌಗುಭೂಮಿಯ, ಮಾನ್ಯತೆ ಸಿಕ್ಕಿತು. ಗುರುತಿಸಿದ ವಿಸ್ತೀರ್ಣ 4,801 ಹೆಕ್ಟೇರ್.

ಇಲ್ಲಿ ಟಿಕೆಟ್ ಕೌಂಟರ್ ಇಲ್ಲ, ಬಾಣದ ಗುರುತಿನ ಫಲಕಗಳೂ ಇಲ್ಲ. ಎಷ್ಟು ಗಂಟೆಗೆ ಎಲ್ಲಿ ಇರಬೇಕು ಅನ್ನುವುದನ್ನು ಭರತ-ಇಳಿತವೇ, ಅಂದರೆ ಕಡಲಿನ ಉಬ್ಬರ-ಇಳಿತವೇ, ತೀರ್ಮಾನಿಸುತ್ತದೆ. ಅದನ್ನು ನೋಡದೆ ಬಂದವರಿಗೆ ಒಂದೋ ತುಂಬಿ ನಿಂತ ನೀರು ಮಾತ್ರ ಕಾಣುತ್ತದೆ, ಇಲ್ಲವೇ ದೋಣಿ ಕೆಸರಿನಲ್ಲಿ ಕೂತುಬಿಡುತ್ತದೆ.

ಮೊದಲು ನೀರಿನ ಲೆಕ್ಕ

ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ. ಇಂದಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅವುಗಳ ಮರುದಿನ, ಮೂರನೇ ದಿನ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸು ಏರಿಳಿತ ಕಡಿಮೆ.

ಹೊರಡುವ ಹಿಂದಿನ ದಿನ ಕಾರವಾರ ಬಂದರಿನ ಉಬ್ಬರ-ಇಳಿತದ ವೇಳಾಪಟ್ಟಿ ನೋಡಿ, ನಾಲ್ಕೂ ಹೊತ್ತು ಬರೆದಿಟ್ಟುಕೊಳ್ಳಿ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ (INCOIS) ಸಂಸ್ಥೆ ತನ್ನ ಜಾಲತಾಣದಲ್ಲಿ ಉಬ್ಬರದ ಮುನ್ಸೂಚನೆಯನ್ನೂ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಕೊಡುತ್ತದೆ. ಪಟ್ಟಿ ಸಿಗದಿದ್ದರೆ ಪಂಚಾಂಗವೇ ದಾರಿ: ಹುಣ್ಣಿಮೆ-ಅಮಾವಾಸ್ಯೆಗೆ ಭರತ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು, ಇಳಿತ ಇಳಿಹೊತ್ತಿಗೆ. ಅಷ್ಟಮಿಗೆ ಇದು ತಿರುಗಾಮುರುಗಾ, ಇಳಿತ ಮಧ್ಯಾಹ್ನದ ಕಡೆಗೆ ಬೀಳುತ್ತದೆ. ಇದು ಅಂದಾಜು ಮಾತ್ರ, ದೋಣಿ ಹತ್ತಲು ಇದನ್ನೇ ನಂಬಬೇಡಿ.

ಪಟ್ಟಿಯಲ್ಲಿರುವುದು ಕಡಲಂಚಿನ ಹೊತ್ತು. ಹೊಳೆಯಲ್ಲಿ ಒಳಗೆ ಹೋದಷ್ಟೂ ಭರತ ತಡ. ತದಡಿಯಲ್ಲಿ ನೀರು ಇಳಿಯತೊಡಗಿದಾಗ ಮಿರ್ಜಾನಿನ ಕಡೆ ಇನ್ನೂ ಏರುತ್ತಿರಬಹುದು. ಅನುಮಾನವಿದ್ದರೆ ನೀರಂಚಿಗೆ ಒಂದು ಕಡ್ಡಿ ಚುಚ್ಚಿ ಕಾಲು ಗಂಟೆ ಕಾಯಿರಿ, ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ.

ನೀರು ಆರೂ ಗಂಟೆ ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆ 120 ಸೆಂಟಿಮೀಟರ್ ಎಂದುಕೊಳ್ಳಿ. ಮೊದಲ ಗಂಟೆಯಲ್ಲಿ ಸುಮಾರು 10 ಸೆಂ.ಮೀ., ಎರಡನೆಯದರಲ್ಲಿ 20, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 30, ಐದನೆಯದರಲ್ಲಿ 20, ಕೊನೆಯದರಲ್ಲಿ 10. ಕೆಸರುಬಯಲಿಗೆ ಇಳಿದವರು ಮೋಸಹೋಗುವುದು ಇಲ್ಲೇ. ಮೊದಲ ಗಂಟೆ ನೀರು ಅಲುಗಿದಂತೆಯೇ ಕಾಣುವುದಿಲ್ಲ. ಆಮೇಲಿನ ಎರಡು ಗಂಟೆಯಲ್ಲಿ ಮೊಣಕಾಲು ದಾಟುತ್ತದೆ, ಅಷ್ಟರಲ್ಲಿ ಹಿಂದಿನ ತಗ್ಗುಗಳು ತುಂಬಿ ದಾರಿ ಕಡಿದುಹೋಗಿರುತ್ತದೆ. ಆದ್ದರಿಂದ ಇಳಿತದ ತಳ ಮುಟ್ಟುವ ಒಂದೂವರೆ ಗಂಟೆ ಮೊದಲು ಇಳಿಯಿರಿ, ತಳ ಮುಟ್ಟಿ ಅರ್ಧ ಗಂಟೆಯೊಳಗೆ ದಡಕ್ಕೆ ತಿರುಗಿ.

ಯಾವ ತಿಂಗಳು

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ: ವಲಸೆ ಹಕ್ಕಿಗಳು ಇರುತ್ತವೆ, ಬಿಸಿಲು ತಡೆಯಬಹುದು, ಬೆಳಗಿನ ಹೊಳೆ ಕನ್ನಡಿ. ಕಗ್ಗ ಭತ್ತದ ಪೈರು ನೋಡಬೇಕಿದ್ದರೆ ಸೆಪ್ಟೆಂಬರ್ ಕೊನೆಯಿಂದ ಕೊಯ್ಲಿನವರೆಗೆ, ಅಂದರೆ ಅಕ್ಟೋಬರ್-ನವೆಂಬರ್ ಒಳಗೆ ಬನ್ನಿ. ಉಪ್ಪಿನ ಆಗರಕ್ಕೆ ಮಾರ್ಚ್-ಏಪ್ರಿಲ್. ಜೂನ್, ಜುಲೈನಲ್ಲಿ ಹೊಳೆಗೆ ಇಳಿಯುವ ಯೋಚನೆಯೇ ಬೇಡ. ಘಟ್ಟದ ಮಳೆನೀರು ಕೆಂಪಗೆ ಧುಮುಕುತ್ತದೆ, ಅಳಿವೆಯ ಬಾಯಿಯಲ್ಲಿ ಅಲೆ ಏಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ, ತದಡಿ ಬಂದರು ಸುಮ್ಮನಿರುತ್ತದೆ. ಆ ದಿನಗಳಲ್ಲಿ ದಡದಿಂದ ನೋಡುವುದು, ಮಿರ್ಜಾನ್ ಕೋಟೆ ಸುತ್ತುವುದು ಇಷ್ಟೇ ಸಾಕು.

ಬರುವುದು, ದಾಟುವುದು

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಕುಮಟಾ, ಗೋಕರ್ಣ ರೋಡ್ ಮುಟ್ಟಿಸುತ್ತದೆ. ದಕ್ಷಿಣ ದಡದ ಊರುಗಳಿಗೆ ಕುಮಟಾದಲ್ಲಿ ಇಳಿಯಿರಿ, ಉತ್ತರ ದಡಕ್ಕೆ ಗೋಕರ್ಣ ರೋಡ್. ಶಿರಸಿ ಕಡೆಯಿಂದ ದೇವಿಮನೆ ಘಟ್ಟ ಇಳಿದು ಬರುವವರು ರಸ್ತೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮಳೆಗಾಲದ ಮಣ್ಣು ಕುಸಿತಕ್ಕೂ ರಸ್ತೆ ಕಾಮಗಾರಿಗೂ ಅಲ್ಲಿ ಸಂಚಾರ ನಿಲ್ಲುವುದುಂಟು.

ಎರಡು ದಡಗಳ ನಡುವೆ ರಸ್ತೆಯಲ್ಲೇ ಹೋಗಬೇಕೆಂದರೆ ದೀವಗಿ ಸೇತುವೆಯ ಮೇಲೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪೂರಾ ಸುತ್ತಬೇಕು. ತದಡಿ ಮತ್ತು ಅಘನಾಶಿನಿ ಊರಿನ ನಡುವೆ ಓಡುವ ದೋಣಿ ಈ ಸುತ್ತು ತಪ್ಪಿಸುತ್ತದೆ. ಅದು ಊರವರ ನಿತ್ಯದ ದೋಣಿ. ಶಾಲೆಯ ಮಕ್ಕಳು, ಮೀನಿನ ಬುಟ್ಟಿ ಹೊತ್ತ ಹೆಂಗಸರು, ಬೈಕುಗಳು ಎಲ್ಲ ಅದರಲ್ಲೇ. ಸಂಜೆಯ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆ ದಾಟುವಾಗಲೇ ಕೇಳಿಡಿ. ಅದು ತಪ್ಪಿದರೆ ಆಚೆ ದಡದಿಂದ ವಾಹನ ಹುಡುಕುವುದು ಕಷ್ಟ. ಹತ್ತುವಾಗ ದೋಣಿಯ ನಡುವೆ ಕಾಲಿಡಿ, ಅಂಚಿನ ಮೇಲೆ ಬೇಡ. ಚಿಲ್ಲರೆ ಕೈಯಲ್ಲಿರಲಿ.

ಗಜನಿ ಕಟ್ಟೆಯ ಮೇಲೆ

ಇಡೀ ಪ್ರವಾಸದಲ್ಲಿ ಒಂದಕ್ಕೇ ಸಮಯವಿದೆ ಅಂದರೆ ಇದಕ್ಕೇ ಕೊಡಿ. ಗಜನಿ ಎಂದರೆ ಹೊಳೆಯ ಉಪ್ಪುನೀರಿಗೆ ಕಟ್ಟೆ ಹಾಕಿ ಪಡೆದ ತಗ್ಗುಭೂಮಿ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಬೆಳೆಯುತ್ತಾರೆ. ಕಗ್ಗ ಎತ್ತರಕ್ಕೆ ಬೆಳೆಯುವ, ಉಪ್ಪನ್ನೂ ಮುಳುಗಡೆಯನ್ನೂ ತಾಳುವ ಭತ್ತ. ಗೊಬ್ಬರ, ಔಷಧಿ ಯಾವುದೂ ಬೇಡ. ಕೊಯ್ಲು ಮುಗಿದರೆ ಅದೇ ಗದ್ದೆಗೆ ಉಪ್ಪುನೀರು ಬಿಡುತ್ತಾರೆ. ಕೊಳೆತ ಕೂಳೆಯೇ ಶೆಟ್ಲಿ (ಸೀಗಡಿ), ಮೀನು, ಏಡಿಗಳಿಗೆ ಆಹಾರ. ಮಾಣಿಕಟ್ಟಾದಲ್ಲಿ ಊರಿನ ರೈತರು ಒಟ್ಟಾಗಿ ಈ ಬೇಸಾಯ ಉಳಿಸಿಕೊಂಡಿದ್ದಾರೆ. ಬೇರೆ ಹಲವೆಡೆ ಕಟ್ಟೆ ಒಡೆದು, ಅಥವಾ ಇಡೀ ವರ್ಷ ಶೆಟ್ಲಿಗೇ ಬಿಟ್ಟು, ಭತ್ತ ನಿಂತುಹೋಗಿದೆ. ಆದ್ದರಿಂದ ಮಾಣಿಕಟ್ಟಾದ ಪೈರು ನೋಡಲು ಸಿಗುವುದು ದೊಡ್ಡ ಸಂಗತಿ.

ಇಡೀ ವ್ಯವಸ್ಥೆಯ ಕೀಲಿ ಜಂತ್ರಡಿ, ಅಂದರೆ ಕಟ್ಟೆಯ ನಡುವಿನ ಹಲಗೆಬಾಗಿಲು. ಭತ್ತದ ಕಾಲದಲ್ಲಿ ಇಳಿತಕ್ಕೆ ಬಾಗಿಲು ತೆರೆದು ಮಳೆನೀರು ಹೊರಬಿಡುತ್ತಾರೆ, ಭರತಕ್ಕೆ ಮುಚ್ಚುತ್ತಾರೆ. ಕೊಯ್ಲಾದ ಮೇಲೆ ಭರತದ ನೀರಿನೊಂದಿಗೆ ಶೆಟ್ಲಿಮರಿ ಒಳಬರಲು ಬಿಟ್ಟು, ಬೆಳೆದ ಮೇಲೆ ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಇದನ್ನು ಕಣ್ಣಾರೆ ನೋಡಬೇಕಿದ್ದರೆ ಇಳಿತ ಶುರುವಾಗಿ ಎರಡು ಗಂಟೆಯ ಹೊತ್ತಿಗೆ ಜಂತ್ರಡಿಯ ಪಕ್ಕ ನಿಲ್ಲಿ. ಒಳಗಿನ ನೀರು ಎತ್ತರದಲ್ಲಿದ್ದು ಹೊರಗಿನದು ಇಳಿದಿರುತ್ತದೆ, ಸೆಳವು ಜೋರಾಗಿರುವುದು ಆಗಲೇ. ಹಲಗೆಯ ಮೇಲೆ ಕಾಲಿಡಬೇಡಿ. ಅವು ಪಾಚಿಗಟ್ಟಿರುತ್ತವೆ, ಜಾರಿ ಒಳಬದಿಗೆ ಬಿದ್ದರೆ ನೀರು ಬಾಗಿಲಿಗೇ ಒತ್ತಿ ಹಿಡಿಯುತ್ತದೆ, ಮೇಲೇಳುವುದು ಕಷ್ಟ.

ಕಟ್ಟೆಯ ಮೇಲೆ ನಡೆಯುವಾಗ ಒಬ್ಬರ ಹಿಂದೆ ಒಬ್ಬರು, ನಡುಮಧ್ಯದಲ್ಲಿ ಹೆಜ್ಜೆ ಹಾಕಿ. ಅಂಚನ್ನು ಏಡಿಗಳು ಒಳಗಿನಿಂದ ಕೊರೆದಿರುತ್ತವೆ, ಮೇಲೆ ಗಟ್ಟಿಯಾಗಿ ಕಂಡರೂ ಭಾರಕ್ಕೆ ಕುಸಿಯುತ್ತದೆ. ಹಾಗೆ ಕುಸಿದ ಒಂದು ಬಿಲದಿಂದ ಭರತದ ನೀರು ಒಳನುಗ್ಗಿ ಪೈರು ಕೆಡಬಹುದು, ಆದ್ದರಿಂದ ಇದು ನಿಮ್ಮ ಕಾಲಿನ ಪ್ರಶ್ನೆ ಮಾತ್ರವಲ್ಲ. ಒಂದು ಕಿಲೋಮೀಟರಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಒಳ್ಳೆಯದು. ಹವಾಯಿ ಚಪ್ಪಲಿ ಕೆಸರಿನಲ್ಲಿ ಉಳಿದುಬಿಡುತ್ತದೆ, ಶೂ ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಗದ್ದೆಯೊಳಗೆ ಇಳಿಯುವ ಮೊದಲು ಕೆಲಸದಲ್ಲಿರುವವರನ್ನು ಕೇಳಿ. ಕೊಯ್ಲಿನ ದಿನಗಳಲ್ಲಿ ಅವರಿಗೆ ಮಾತಿಗೆ ಬಿಡುವಿರುವುದಿಲ್ಲ, ಊಟದ ಹೊತ್ತು ನೋಡಿ ಮಾತಾಡಿಸಿ.

ಕಾಲು ಕೆಸರಿನಲ್ಲಿ ಮೊಣಕಾಲವರೆಗೆ ಹೂತರೆ ನೇರ ಮೇಲಕ್ಕೆ ಎಳೆಯಬೇಡಿ. ಪಾದದ ಕೆಳಗೆ ಗಾಳಿ-ನೀರು ನುಗ್ಗಲು ಜಾಗವಿಲ್ಲದ್ದರಿಂದ ಎಳೆದಷ್ಟೂ ಕೆಸರು ಹೀರಿ ಹಿಡಿಯುತ್ತದೆ, ಇನ್ನೊಂದು ಕಾಲೂ ಇಳಿಯುತ್ತದೆ. ಹಿಂದಕ್ಕೆ ವಾಲಿ ಕೂತುಬಿಡಿ. ಭಾರ ಅಗಲಕ್ಕೆ ಹಂಚಿಹೋಗುತ್ತದೆ. ಆಮೇಲೆ ಹಿಮ್ಮಡಿಯನ್ನು ಅತ್ತಿತ್ತ ಅಲುಗಿಸಿ ಸುತ್ತ ನೀರು ಸೇರಲು ಬಿಡಿ, ಪಾದದ ತುದಿ ಕೆಳಮುಖ ಮಾಡಿ ನಿಧಾನ ಹೊರತೆಗೆಯಿರಿ. ಜೊತೆಯವರು ಕೈ ಹಿಡಿದು ಜಗ್ಗುವ ಬದಲು ಒಂದು ಕೋಲು ಅಥವಾ ಹಲಗೆ ಕೊಟ್ಟರೆ ಸಾಕು.

ಕಾಂಡ್ಲಾ ಕಾಡಿನೊಳಗೆ ದೋಣಿ, ಕಯಾಕ್

ಕಾಂಡ್ಲಾ ನೋಡಲು ಎರಡು ದಾರಿ. ಭರತಕ್ಕೆ ದೋಣಿಯಲ್ಲಿ ಕಾಲುವೆಗಳೊಳಗೆ ಹೋಗುವುದು, ಇಳಿತಕ್ಕೆ ದಡದಿಂದ ಬೇರು ನೋಡುವುದು. ಎರಡೂ ಬೇಕು.

ಕಯಾಕ್ ಅಥವಾ ಕೈಹುಟ್ಟಿನ ದೋಣಿಗೆ ಭರತದ ತುದಿಗೆ ಎರಡರಿಂದ ಎರಡೂವರೆ ಗಂಟೆ ಮೊದಲು ಹೊರಡಿ. ಏರುವ ನೀರೇ ನಿಮ್ಮನ್ನು ಒಳಕ್ಕೆ ತಳ್ಳುತ್ತದೆ. ನೀರು ತುಂಬಿ ನಿಂತ ಹೊತ್ತಿಗೆ ತಿರುಗಿದರೆ ಇಳಿತದ ಸೆಳವಿನಲ್ಲಿ ವಾಪಸು ಬರಬಹುದು. ಗಂಟೆಗೆ ಎರಡು-ಮೂರು ಕಿಲೋಮೀಟರ್ ಲೆಕ್ಕ ಹಿಡಿಯಿರಿ. ಕಿರುಗಾಲುವೆಗಳಿಂದ ಮಾತ್ರ ಭರತದ ತುದಿ ಮುಟ್ಟಿದ ಅರ್ಧ ಗಂಟೆಯೊಳಗೆ ಹೊರಬಂದುಬಿಡಿ. ತಡವಾದರೆ ದೋಣಿ ಹೂಳಿನ ಮೇಲೆ ಕೂರುತ್ತದೆ. ಇಳಿದು ತಳ್ಳಲು ಹೋದರೆ ಸೊಂಟದವರೆಗೆ ಕೆಸರು, ಮುಂದಿನ ಭರತಕ್ಕೆ ಗಂಟೆಗಟ್ಟಲೆ ಕಾಯಬೇಕು.

ಬೆಳಿಗ್ಗೆಯ ಭರತವಿರುವ ದಿನವೇ ಆರಿಸಿಕೊಳ್ಳಿ. ಮಧ್ಯಾಹ್ನದ ಮೇಲೆ ಕಡಲಗಾಳಿ ಪಶ್ಚಿಮದಿಂದ ಬೀಸತೊಡಗುತ್ತದೆ, ಗಾಳಿ-ಸೆಳವು ಎದುರುಬದುರಾದರೆ ಅಗಲವಾದ ಹೊಳೆಯಲ್ಲಿ ಗಿಡ್ಡ ಅಲೆಗಳು ಏಳುತ್ತವೆ. ಅಳಿವೆಯ ಬಾಯಿಯ ಕಡೆಗೆ ಇಳಿತದಲ್ಲಿ ಯಾವ ಕಾರಣಕ್ಕೂ ಹೋಗಬೇಡಿ. ಹೊಳೆಯ ನೀರೆಲ್ಲ ಆ ಕಿರಿದಾದ ಬಾಯಿಯಿಂದ ಹೊರನುಗ್ಗುತ್ತದೆ, ಎದುರಿಗೆ ಕಡಲಿನ ಅಲೆ ಬಂದು ಬಡಿಯುತ್ತದೆ. ಕೈಹುಟ್ಟಿನಿಂದ ಆ ಸೆಳವನ್ನು ಮೀರಿ ಬರಲಾಗದು. ಅಲ್ಲಿ ಹುಟ್ಟಿ ಬೆಳೆದ ಮೀನುಗಾರರೇ ಹೊತ್ತು ನೋಡಿ ದಾಟುವ ಜಾಗ ಅದು.

ಲೈಫ್ ಜಾಕೆಟ್ ಹಾಕಿ ಬಕಲ್ ಬಿಗಿದ ಮೇಲೆ ಇನ್ನೊಬ್ಬರು ಎರಡೂ ಭುಜದ ಪಟ್ಟಿ ಹಿಡಿದು ಮೇಲೆತ್ತಲಿ. ಅದು ಗಲ್ಲ ದಾಟಿ ಮೇಲೆ ಬಂದರೆ ಸಡಿಲ, ನೀರಲ್ಲಿ ಕಳಚಿಹೋಗುತ್ತದೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿ ದೋಣಿ ಹತ್ತಿಸುವವರಿದ್ದಾರೆ, ಒಪ್ಪಬೇಡಿ. ದೋಣಿಯವರೊಂದಿಗೆ ಬಾಡಿಗೆ, ಸುತ್ತುವ ದಾರಿ, ಕಾಯುವ ಹೊತ್ತು ಮೂರನ್ನೂ ಹೊರಡುವ ಮೊದಲೇ ಮಾತಾಡಿ. ಕಾಲುವೆಗಳ ಹತ್ತಿರ ಇಂಜಿನ್ ನಿಲ್ಲಿಸಿ ಹುಟ್ಟು ಹಾಕುವಂತೆ ಕೇಳಿಕೊಳ್ಳಿ. ಹೊಳೆಯಲ್ಲಿ ಕಟ್ಟಿದ ಬಲೆಯ ಗೂಟಗಳಿಂದ ದೂರವಿರಿ.

ಇಳಿತದಲ್ಲಿ ಬೇರುಗಳೇ ಮರದ ಗುರುತು ಹೇಳುತ್ತವೆ. ಕಾಂಡದಿಂದ ಕಮಾನಿನಂತೆ ಬಾಗಿ ಕೆಸರಿಗೆ ಇಳಿದಿದ್ದರೆ ಅದು ರೈಜೋಫೋರಾ. ಅದರ ಕೊಂಬೆಯಲ್ಲಿ ನುಗ್ಗೆಕಾಯಿಯ ಹಾಗೆ ತೂಗುವುದು ಬರಿಯ ಕಾಯಲ್ಲ, ಮರದಲ್ಲೇ ಮೊಳೆತ ಸಸಿ. ಬಿದ್ದು ಕೆಸರಿನಲ್ಲಿ ನಾಟಿಕೊಳ್ಳುತ್ತದೆ, ಇಲ್ಲವೇ ತೇಲಿ ಬೇರೆ ದಡ ಸೇರುತ್ತದೆ. ಕೆಸರಿನಿಂದ ಬೆರಳುದ್ದದ ಕಡ್ಡಿಗಳು ನೂರಾರು ಮೇಲೆದ್ದಿದ್ದರೆ ಅವು ಅವಿಸೆನ್ನಿಯಾದ ಉಸಿರಾಟದ ಬೇರುಗಳು. ಈ ಮರದ ಎಲೆಯ ಮೇಲೆ ಒಣಹವೆಯಲ್ಲಿ ಉಪ್ಪಿನ ಹರಳು ಬೆರಳಿಗೇ ಸಿಗುತ್ತದೆ. ಕಡ್ಡಿಬೇರು ತುಳಿದು ಮುರಿಯಬೇಡಿ; ಕೆಸರಿನೊಳಗೆ ಗಾಳಿಯಿಲ್ಲ, ಮರ ಉಸಿರಾಡುವುದು ಅವುಗಳಿಂದಲೇ. ಮುರಿದರೆ ಹಾಲು ಸುರಿಸುವ ಎಕ್ಸೋಕೇರಿಯಾ ಎಂಬ ಮರವೂ ಕಾಂಡ್ಲಾದ ನಡುವೆ ಇದೆ. ಆ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಉರಿ, ಕೆಲಕಾಲ ದೃಷ್ಟಿಯೂ ಮಂಜಾಗಬಹುದು. ಗುರುತಿಲ್ಲದ ಕೊಂಬೆ ಮುರಿಯದಿರುವುದೇ ಸರಿ. ಬಿದ್ದರೆ ಕುಡಿಯುವ ನೀರಿನಿಂದ ಕಾಲು ಗಂಟೆ ತೊಳೆದು ವೈದ್ಯರ ಹತ್ತಿರ ಹೋಗಿ.

ಬೇರುಗಳ ಪಕ್ಕ ಐದು ನಿಮಿಷ ಅಲುಗಾಡದೆ ಕೂತರೆ ಬಿಲಗಳಿಂದ ಒಂದು ಚಿಮಟ ಮಾತ್ರ ದೊಡ್ಡದಿರುವ ಗಂಡು ಏಡಿಗಳು ಹೊರಬಂದು ಅದನ್ನು ಬೀಸತೊಡಗುತ್ತವೆ. ನಿಮ್ಮ ನೆರಳು ಬಿಲದ ಮೇಲೆ ಬಿದ್ದರೆ ಅವು ಮೇಲೆ ಬರುವುದಿಲ್ಲ, ಸೂರ್ಯನಿಗೆ ಎದುರಾಗಿ ಕೂರಿ.

ಕೆಸರು ಮೆಟ್ಟಲಾಗದ ಹಿರಿಯರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಹೊನ್ನಾವರಕ್ಕೆ ಹೋಗಿ. ಅಲ್ಲಿ ಶರಾವತಿಯ ಹಿನ್ನೀರಿನ ಕಾಂಡ್ಲಾದೊಳಗೆ ಅರಣ್ಯ ಇಲಾಖೆ ಮರದ ನಡೆದಾರಿ ಕಟ್ಟಿದೆ.

ಹಕ್ಕಿ

ತುಂಬು ಭರತದಲ್ಲಿ ಕೆಸರು ಮುಚ್ಚಿಹೋಗಿ ದಡದ ಹಕ್ಕಿಗಳೆಲ್ಲ ಎಲ್ಲೋ ಕಟ್ಟೆಯ ಮೇಲೆ ಗುಂಪಾಗಿ ಕೂತಿರುತ್ತವೆ. ಪೂರ್ತಿ ಇಳಿತದಲ್ಲಿ ಕಣ್ಣಿಗೆಟುಕದಷ್ಟು ದೂರ ಚದುರಿರುತ್ತವೆ. ನಡುವಿನ ಹೊತ್ತು, ಅದರಲ್ಲೂ ನೀರು ಏರುತ್ತ ಅವುಗಳನ್ನು ದಡದತ್ತ ತಳ್ಳುವಾಗ, ಹತ್ತಿರದಿಂದ ಕಾಣುತ್ತವೆ. ಬೆಳಿಗ್ಗೆಯಾದರೆ ಪೂರ್ವದ ದಡದಲ್ಲಿ ನಿಲ್ಲಿ, ಬೆಳಕು ಬೆನ್ನಿಗಿರುತ್ತದೆ. 8x42 ದುರ್ಬೀನು ಸಾಕು. ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂ, ಕೆಂಪು ಕಾಲಿನ ರೆಡ್‌ಶ್ಯಾಂಕ್, ಓಡಿ ನಿಲ್ಲುವ ಮರಳು ಪ್ಲವರ್‌ಗಳು ಚಳಿಗಾಲದ ಅತಿಥಿಗಳು. ಗರುಡ, ಬಿಳಿಹೊಟ್ಟೆಯ ಕಡಲಹದ್ದು, ಮಿಂಚುಳ್ಳಿಗಳು ವರ್ಷವಿಡೀ ಇಲ್ಲಿನವೇ. ಫೋಟೋಕ್ಕಾಗಿ ಗುಂಪನ್ನು ಹಾರಿಸಬೇಡಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ತಿನ್ನಲು ಸಿಗುವುದು ಇಳಿತದ ಆ ಕೆಲವು ಗಂಟೆ ಮಾತ್ರ.

ಬಳಚು ಹೆಕ್ಕುವಲ್ಲಿ

ಇಳಿತಕ್ಕೆ ಮರಳುದಿಣ್ಣೆಗಳು ಮೇಲೆದ್ದರೆ ಬುಟ್ಟಿ ಹಿಡಿದ ಹೆಂಗಸರು, ಗಂಡಸರು ಹೊಳೆಯ ನಡುವೆ ಕಾಣುತ್ತಾರೆ. ಬಳಚು ಅವರ ದಿನದ ಅನ್ನ. ಕೇಳಿಕೊಂಡು ಪಕ್ಕ ನಿಂತು ನೋಡಿ. ನೀವಾಗಿ ಬುಟ್ಟಿ ತುಂಬಬೇಡಿ. ಬರಿಗಾಲು ಬೇಡ, ಕಲ್ಲಿಗಂಟಿದ ಚಿಪ್ಪಿನ ಅಂಚು ಪಾದವನ್ನು ಬ್ಲೇಡಿನಷ್ಟು ಆಳ ಸೀಳುತ್ತದೆ. ಮಂಡಿಯುದ್ದ ನೀರಲ್ಲಿ ಕಾಲೆತ್ತಿ ಇಡದೆ ನೆಲಕ್ಕೆ ಉಜ್ಜುತ್ತ ಸಾಗಿ. ಮರಳಲ್ಲಿ ಹುದುಗಿರುವ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ಮೇಲೆಯೇ ತುಳಿದರೆ ಬಾಲದ ಮುಳ್ಳಿನಿಂದ ಹೊಡೆಯುತ್ತದೆ. ಹೊಡೆದರೆ ತಡೆಯಬಹುದಾದಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ, ಒಂದು ಗಂಟೆ ಕಾಲಿಡಿ. ಬಿಸಿಗೆ ನೋವು ಇಳಿಯುತ್ತದೆ. ಮುಳ್ಳಿನ ಚೂರು ಒಳಗುಳಿದಿರುವ ಸಾಧ್ಯತೆ ಇರುವುದರಿಂದ ಆಸ್ಪತ್ರೆಗೆ ಹೋಗಲೇಬೇಕು.

ಬಳಚು ಕೊಂಡು ಒಯ್ಯುವುದಾದರೆ ಬಾಯಿ ಮುಚ್ಚಿರುವುದನ್ನೇ ಆರಿಸಿ. ಹೊಳೆಯ ನೀರಲ್ಲೇ ಮೂರು-ನಾಲ್ಕು ಗಂಟೆ ಬಿಟ್ಟರೆ ಮರಳು ಉಗುಳುತ್ತದೆ; ಸಿಹಿನೀರಲ್ಲಿ ಹಾಕಿದರೆ ಬಾಯಿ ಬಿಗಿದು ಮರಳು ಒಳಗೇ ಉಳಿಯುತ್ತದೆ. ಬೇಯಿಸಿದಾಗ ತೆರೆಯದ್ದನ್ನು ಎಸೆಯಿರಿ.

ಸಾಣಿಕಟ್ಟಾ, ಮಿರ್ಜಾನ್

ಗೋಕರ್ಣದ ಹಾದಿಯ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಭರತದ ನೀರನ್ನು ಒಂದೊಂದೇ ಮಡಿಗೆ ಹಾಯಿಸಿ ಬಿಸಿಲಿಗೆ ಗಟ್ಟಿ ಮಾಡುತ್ತ ಹೋಗುತ್ತಾರೆ, ಕೊನೆಯ ಮಡಿಯಲ್ಲಿ ಹರಳುಗಟ್ಟಿದ್ದನ್ನು ಮರದ ಹಲಗೆಯಿಂದ ಬಳಿದು ರಾಶಿ ಹಾಕುತ್ತಾರೆ. ಬೆಳಿಗ್ಗೆ ಬೇಗ ಅಥವಾ ಇಳಿಹೊತ್ತಿಗೆ ಹೋಗಿ, ನಡುಹಗಲಿನಲ್ಲಿ ಬಿಳಿ ಉಪ್ಪಿನ ಪ್ರತಿಫಲನಕ್ಕೆ ಕಣ್ಣು ಬಿಡಲಾಗದು. ಅನುಮತಿ ಕೇಳಿ, ಬದುವಿನ ಮೇಲೆ ಮಾತ್ರ ನಡೆಯಿರಿ. ಮಡಿಯ ಜೇಡಿನೆಲವನ್ನು ತುಳಿದು ತುಳಿದು ನುಣುಪು ಮಾಡಿರುತ್ತಾರೆ, ಒಂದು ಚಪ್ಪಲಿ ಗುರುತು ಬಿದ್ದರೂ ಮಣ್ಣು ಉಪ್ಪಿಗೆ ಸೇರುತ್ತದೆ.

ಮಿರ್ಜಾನ್ ಕೋಟೆಗೆ ಭರತ-ಇಳಿತದ ಹಂಗಿಲ್ಲ, ಬಿಸಿಲ ಹೊತ್ತನ್ನು ಇದಕ್ಕೆ ಇಟ್ಟುಕೊಳ್ಳಬಹುದು. ಹೆದ್ದಾರಿಯಿಂದ ಸ್ವಲ್ಪವೇ ಒಳಗೆ, ಕೆಂಪು ಕಲ್ಲಿನ ಗೋಡೆ, ಸುತ್ತ ಕಂದಕ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಕೋಟೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎನ್ನುತ್ತಿದ್ದರು. ಮಳೆಗಾಲದಲ್ಲಿ ಗೋಡೆಯೆಲ್ಲ ಹಸಿರು ಪಾಚಿ, ಮೆಟ್ಟಿಲು ಜಾರುತ್ತದೆ.

ಚೀಲದಲ್ಲಿ

ತಲೆಗೆ ಎರಡು ಲೀಟರ್ ನೀರು. ಕಟ್ಟೆಯ ಮೇಲೆ ನೆರಳೂ ಇಲ್ಲ, ಅಂಗಡಿಯೂ ಇಲ್ಲ, ಸುತ್ತ ಇರುವುದೆಲ್ಲ ಉಪ್ಪುನೀರು. ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ಹತ್ತಿ ಅಂಗಿ, ಮೊಬೈಲಿಗೆ ಜಿಪ್ ಕವರ್, ಓಆರ್‌ಎಸ್ ಪೊಟ್ಟಣ, ಅಯೋಡಿನ್ ಮುಲಾಮು, ಬ್ಯಾಂಡೇಜ್ ಇರಲಿ. ಕಾಲಿಗೆ ಗಾಯವಿದ್ದರೆ ಮಳೆಗಾಲದ ಗದ್ದೆನೀರಿಗೆ ಇಳಿಯಬೇಡಿ, ಇಲಿಜ್ವರದ ಭಯವಿದೆ. ಊರಿಗೆ ಮರಳಿದ ಮೇಲೆ ಒಂದೆರಡು ವಾರದೊಳಗೆ ಜ್ವರ, ಮೀನಖಂಡದ ನೋವು ಬಂದರೆ ಗದ್ದೆಗೆ ಇಳಿದಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ತುರ್ತಿಗೆ ಆಂಬುಲೆನ್ಸ್ 108, ಪೊಲೀಸ್ 112. ಹೊಳೆಯ ನಡುವೆ ನೆಟ್‌ವರ್ಕ್ ಕೈಕೊಡಬಹುದು, ಎಷ್ಟು ಹೊತ್ತಿಗೆ ಯಾವ ದಡಕ್ಕೆ ಬರುತ್ತೀರಿ ಎಂದು ಉಳಿದುಕೊಂಡ ಮನೆಯವರಿಗೆ ಹೇಳಿಯೇ ಹೊರಡಿ.

ಕಗ್ಗದ ಅಕ್ಕಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಮಾಣಿಕಟ್ಟಾದ ಬೆಳೆಗಾರರನ್ನೇ ಕೇಳಿ, ಕೊಯ್ಲಾದ ಹೊಸತರಲ್ಲಿ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಕೆಂಪು ಅಕ್ಕಿ, ಬೇಯಲು ಹೊತ್ತು ಹಿಡಿಯುತ್ತದೆ. ರಾತ್ರಿಯೇ ನೆನೆಸಿಟ್ಟು ಬೆಳಿಗ್ಗೆ ಗಂಜಿ ಮಾಡಿ.